ಮುದ್ದೆಯ ಹಾಡಿನ ಇಂದ್ರಮ್ಮ

ಇಂದ್ರಮ್ಮ ನಾಟಕ ಕಂಪನಿಯಲ್ಲಿದ್ದವಳು ಅನ್ನುವುದು ನಮ್ಮ ಬೀದಿಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು: ಅವಳ ಗಂಡ ವೆಂಕಟಸ್ವಾಮಿಗೆ, ಪಕ್ಕದ ಮನೆಯ ನನಗೆ. ಐವತ್ತೇಳರ ಮಾತು. ರಾಜಾಜಿನಗರದ ಮನೆಗಳಿಗೆ ಆಗಿನ್ನೂ ಎತ್ತರದ ಕಾಂಪೌಂಡು ಬಂದಿರಲಿಲ್ಲ. ಬಟ್ಟೆ ಒಣಹಾಕುತ್ತ ಅವಳು ನನಗೆ ಎಲ್ಲ ಹೇಳಿಕೊಂಡಿದ್ದಳು.

ರಾಮಾಯಣದ ಆಟದಲ್ಲಿ ಅವಳದು ಅಶೋಕವನದ ರಾಕ್ಷಸಿ. ಸೀತೆಯ ಪಾತ್ರದವಳು ‘ರಾಮಾ, ನಿನ್ನ ಕಾಣದೆ ಹೇಗೆ ಬಾಳಲಿ’ ಎಂದು ಹಾಡಿ ಎಲ್ಲರನ್ನೂ ಅಳಿಸುವಳು. ಪರದೆ ಬೀಳುವುದು. ಒಳಗೆ ಸೀನು ಬದಲಾಯಿಸುವಷ್ಟು ಹೊತ್ತು ಇಂದ್ರಮ್ಮ ಪರದೆಯ ಮುಂದೆ ಬಂದು, ಅದೇ ಧಾಟಿ, ಅದೇ ನಿಟ್ಟುಸಿರಿನಲ್ಲಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ‘ಮುದ್ದೇ, ನಿನ್ನ ನುಂಗದೆ ಹೇಗೆ ಬಾಳಲಿ’ ಎಂದು ಶುರುಮಾಡುವಳು. ಜನ ಬಿದ್ದು ಬಿದ್ದು ನಗುತ್ತಿದ್ದರಂತೆ.

ಮೂರನೇ ಸಾಲಿನಲ್ಲಿ ಒಬ್ಬನ ನಗು ಮಾತ್ರ ಬೇರೆ. ಮೊದಲು ಬಿಕ್ಕಳಿಕೆ, ಆಮೇಲೆ ಬೆಂಚಿಗೆ ಪಟಪಟನೆ ಏಟು. ಹತ್ತೊಂಬತ್ತು ಆಟಕ್ಕೂ ಬಂದಿದ್ದ, ಕಾರ್ಖಾನೆಯ ಫಿಟ್ಟರು. “ಆ ನಗು ಮನೇಲೇ ಇರುತ್ತಲ್ಲ ಅಂತ ಮದುವೆಯಾದೆ ಕಣಕ್ಕ” ಅಂದಿದ್ದಳು.

ಮದುವೆಯಾದ ಮೇಲೆ ಮಹಾಶಯ ಹೇಳಿದ್ದು ಒಂದೇ ಮಾತು: ನಾಟಕದ ವಿಷಯ ಯಾರಿಗೂ ತಿಳಿಯಕೂಡದು. ಅವಳು ಕಾಫಿ ಲೋಟ ಹಿಡಿದು ರಾಕ್ಷಸಿಯಂತೆ ನಡೆದು ಬಂದರೂ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಮೂರು ವರ್ಷವಾದರೂ ಅವನು ಒಮ್ಮೆಯೂ ಹಾಗೆ ನಗಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಅವನ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷದ ರಾಮನವಮಿ ಭಜನೆ ನಮ್ಮ ಮನೆಯಲ್ಲಿ. ನಾಟಕದ ಮಟ್ಟುಗಳೆಲ್ಲ ಜನರ ಬಾಯಲ್ಲಿದ್ದುದರಿಂದ ಭಜನೆಯಲ್ಲೂ ಅವೇ ನಡೆಯುತ್ತಿದ್ದವು. ಸೀತೆಯ ಹಾಡಿನ ಸರದಿ ಬಂದಾಗ, “ಇಂದ್ರಮ್ಮ ಹೇಳ್ಲಿ” ಅಂದವಳು ನಾನೇ. ನನ್ನ ಬುದ್ಧಿಗಿಷ್ಟು!

ಎಷ್ಟು ಚೆನ್ನಾಗಿ ಹಾಡಿದಳು! ಎದುರುಮನೆ ಪಟಾಲಮ್ಮನವರ ಕಣ್ಣು ಒದ್ದೆಯಾಯಿತು. ಆದರೆ ಸೀತೆಯ ಸಾಲು ಮುಗಿದರೆ ತನ್ನ ಸಾಲು ಎತ್ತಿಕೊಳ್ಳುವುದು ಅವಳಿಗೆ ವರ್ಷಗಳ ರೂಢಿ. ಪಲ್ಲವಿಗೆ ಹಿಂತಿರುಗಿದಾಗ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ‘ಮುದ್ದೇ, ನಿನ್ನ ನುಂಗದೆ...’ ಅಂದುಬಿಟ್ಟಳು!

ತಾಳ ಹಾಕುತ್ತಿದ್ದ ಕೈಗಳೆಲ್ಲ ಅಲ್ಲಲ್ಲೇ ನಿಂತವು. ಅಷ್ಟರಲ್ಲಿ ಗಂಡಸರು ಕೂತಿದ್ದ ಜಗಲಿಯಿಂದ ಒಂದು ಬಿಕ್ಕಳಿಕೆ, ಹಿಂದೆಯೇ ಬೆಂಚಿಗೆ ಪಟಪಟನೆ ಏಟು.

ಇಂದ್ರಮ್ಮ ನಾಚಿಕೆ, ಭಯ ಎಲ್ಲ ಮರೆತು ಬಾಗಿಲ ಕಡೆ ತಿರುಗಿದಳು. ಅವಳ ಮುಖದಲ್ಲಿ ಅಂಥ ಸಂತೋಷ ನಾನು ಕಂಡಿರಲಿಲ್ಲ.

“ಏನಮ್ಮಾ ಇದು, ದೇವರ ಮುಂದೆ!” ಎಂದು ಪಟಾಲಮ್ಮ ಗದರಿದರು. ನಗು ನಿಂತಿತು. ವೆಂಕಟಸ್ವಾಮಿ ಬಾಗಿಲಿಗೆ ಬಂದು ಕೈ ಮುಗಿದ. “ತಪ್ಪಾಯ್ತು ತಾಯಿ. ಇವಳಿಗೆ ಆಗಾಗ ಹೀಗಾಗುತ್ತೆ. ತಲೆ ಸ್ವಲ್ಪ ಸರಿಯಿಲ್ಲ.”

ಅವಳು ಎದ್ದು ಹೊರಟಳು. ಗೇಟಿನ ಹತ್ತಿರ ಗಂಡನನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು.

“ನಕ್ಕಿದ್ದು ನೀವೇ ಅಲ್ವಾ?”

“ನಾನ್ಯಾಕೆ ನಗ್ಲಿ? ಬೇರೆ ಯಾರೋ.”

ಮಾರನೆಯ ದಿನ ನಾನೇ ಹೋಗಿ ಕ್ಷಮೆ ಕೇಳಿದೆ. ಅವಳು ಸೀರೆ ಹಿಂಡುತ್ತಲೇ ಅಂದಳು: “ಹುಚ್ಚಿ ಅಂದ್ರಲ್ಲ, ಅದಕ್ಕೆ ಬೇಜಾರಿಲ್ಲ ಅಕ್ಕ. ಆ ನಗು ತಮ್ಮದಲ್ಲ ಅಂದ್ಬಿಟ್ರು.”