ಜೋಳದ ಚೀಲಕ್ಕೆ ಕಟ್ಟಿದ ಕೆಂಪು ಪಟ್ಟಿ

ಅಂದು ಕಟ್ಟೆಯ ಮೇಲೆ ಕುಳಿತು ನಾನು ಹೇಳಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನನ್ನ ಪಾಪ ಇರುವುದೇ ಅಲ್ಲಿ. ಪೂರ್ತಿ ಸುಳ್ಳಾಗಿದ್ದರೆ ಯಾರಾದರೂ ಒಬ್ಬರು ಹಿಡಿಯುತ್ತಿದ್ದರು. ನಾನು ಕಂಡದ್ದನ್ನೇ ಹೇಳಿದೆ — ಹೇಳುವಾಗ ನಡುವಿನ ಒಂದು ಶಬ್ದ ನುಂಗಿದೆ. ಬೇಕೆಂದೇ ನುಂಗಿದೆ. ಅದರಿಂದ ಒಬ್ಬ ಹುಡುಗಿಯ ಓಟ ನಿಂತಿತು, ಒಬ್ಬ ಮಾಸ್ತರ ಊರು ಬಿಟ್ಟ. ಆ ಹುಡುಗಿ ಈಗ ನನ್ನ ಸೊಸೆ. ಇಷ್ಟು ವರ್ಷ ಅವಳು ಬಡಿದ ರೊಟ್ಟಿಯನ್ನೇ ತಿಂದುಕೊಂಡು ಬಂದಿದ್ದೇನೆ.

ನಮ್ಮೂರು ತಿರ್ಲಾಪುರದ ಆಚೆ, ಎರೆಹೊಲಗಳ ನಡುವೆ. ನಾನು ಮ್ಯಾಟ್ರಿಕ್ ಪಾಸಾದವನು. ಅಣ್ಣಿಗೇರಿಯ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸದಲ್ಲಿ ಆಯುಷ್ಯ ಕಳೆದೆ. ಗಾಡಿಯಿಂದ ಇಳಿದ ಪ್ರತಿ ಅಂಡಿಗೆ ಚೀಲದೊಳಗೂ ಮೊಣಕೈವರೆಗೆ ಕೈ ತೂರಿಸಿ ನೋಡಬೇಕು — ಮೇಲೆ ಬೆಳ್ಳಗೆ ಒಣಗಿದ ಹತ್ತಿ ಇಟ್ಟು, ತೂಕ ಬರಲೆಂದು ಒಳಗೆ ನೀರು ಚಿಮುಕಿಸಿದ್ದನ್ನು ತುಂಬಿರುತ್ತಾರೆ. ಕೈಗೆ ಹಸಿ ತಾಗಿದಾಗ ನನಗೆ ಸಿಟ್ಟು ಬರುತ್ತಿರಲಿಲ್ಲ, ಸಂತೋಷವಾಗುತ್ತಿತ್ತು. ಒಣಗಿದ್ದೇ ತಾಗಿದರೆ ಇನ್ನಷ್ಟು ಒಳಗೆ ಕೈ ಹಾಕುತ್ತಿದ್ದೆ. ನೌಕರಿ ಬಿಟ್ಟ ಮೇಲೂ ಈ ಚಟ ಬಿಡಲಿಲ್ಲ. ಮನುಷ್ಯರೊಳಗೂ ಹಾಗೆಯೇ ಕೈ ಹಾಕುತ್ತ ಬಂದೆ.

ನೀಲಾ ನನ್ನ ತಂಗಿ ಗೌರವ್ವನ ಮಗಳು. ತಂಗಿಯ ಮಗಳನ್ನು ಮಗನಿಗೆ ತರುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅವಳು ತೊಟ್ಟಿಲಲ್ಲಿರುವಾಗಲೇ ನನ್ನ ಮಗ ಮಂಜುನಾಥನಿಗೆ ಎಂದು ಮಾತಾಗಿತ್ತು. ಮಂಜುನಾಥ ನವಲಗುಂದದಲ್ಲಿ ಮೋಟರು ರಿಪೇರಿ ಅಂಗಡಿ ಇಟ್ಟ. ನೀಲಾ ದಿನಾ ಬಸ್ಸಿಗೆ ಹೋಗಿ ಡಿಗ್ರಿ ಓದುತ್ತಿದ್ದಳು. ಆಗಲೇ ನಮ್ಮೂರ ಹೈಸ್ಕೂಲಿಗೆ ರಫೀಕ್ ಮಾಸ್ತರ ಬಂದ — ನಮ್ಮೂರ ನೇಕಾರ ದಾವಲಸಾಬನ ಮಗನೇ, ಹಂಗಾಮಿ ಆಟದ ಮಾಸ್ತರ. ಹುಬ್ಬಳ್ಳಿಯಲ್ಲಿ ಕಲಿತು ಬಂದ ಹೊಸ ಆಟವೊಂದನ್ನು ಹುಡುಗಿಯರಿಗೆ ಹೇಳಿಕೊಡತೊಡಗಿದ. ಅಮೆರಿಕನ್ ಫುಟ್ಬಾಲ್ ಎಂದ. ಕಾಲೇಜಿಗೆ ಹೋಗುವ ಹುಡುಗಿಯರೂ ಸಂಜೆ ಸೇರಿಕೊಂಡರು. ನೀಲಾ ಮೊದಲಿಗಳು.

ನಾನು ಶಾಲೆಯ ಗೋಡೆಗೆ ಒರಗಿ ನಿಂತು ದಿನಾ ನೋಡುತ್ತಿದ್ದೆ. ಆಟ ನೋಡಲಿಕ್ಕೆ ಅಲ್ಲ.

ಅಮೆರಿಕದಲ್ಲಿ ಮೈಮೇಲೆ ಬಿದ್ದು ಕೆಡವುತ್ತಾರಂತೆ. ಇಲ್ಲಿ ಹುಡುಗಿಯರು ಆಡುತ್ತಿದ್ದ ಬಗೆಯಲ್ಲಿ ಕೆಡವುವುದಿಲ್ಲ. ಪ್ರತಿಯೊಬ್ಬಳೂ ಸೊಂಟಕ್ಕೆ ಒಂದು ಬೆಲ್ಟು ಬಿಗಿದುಕೊಳ್ಳುತ್ತಾಳೆ, ಅದರ ಎರಡೂ ಬದಿಗೆ ಒಂದೊಂದು ಕೆಂಪು ಪಟ್ಟಿ ಇಳಿಬಿದ್ದಿರುತ್ತದೆ. ಚೆಂಡು ಹಿಡಿದು ಓಡುವವಳ ಪಟ್ಟಿಯನ್ನು ಎದುರಿನವಳು ಕಿತ್ತರೆ ಅವಳು ಬಿದ್ದಂತೆಯೇ ಲೆಕ್ಕ. ಎಳೆದರೆ ಚಟ್ಟನೆ ಕೈಗೆ ಬರುವಂಥ ಪಟ್ಟಿ. ಇದೆಲ್ಲ ನನಗೆ ಕೆಲವೇ ದಿನಗಳಲ್ಲಿ ತಿಳಿದಿತ್ತು. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು — ನನಗೆ ತಿಳಿದಿತ್ತು.

ಪಟ್ಟಿಗಿಂತ ನನ್ನನ್ನು ಕಾಡಿದ್ದು ಅವರ ಗುಂಪು. ಪ್ರತಿ ಸಲ ಆಟ ಶುರುವಾಗುವ ಮುಂಚೆ ಎಲ್ಲರೂ ದುಂಡಗೆ ನಿಂತು, ತಲೆಗೆ ತಲೆ ಹಚ್ಚಿ, ಏನೋ ಪಿಸುಗುಟ್ಟಿ ಚದುರುತ್ತಿದ್ದರು. ಒಂದು ದಿನ ಕೇಳಿಯೇಬಿಟ್ಟೆ.

"ಏನ್ ಪಿಸಿಪಿಸಿ ಬೇ ಅದು? ಯಾರ್ ಬಗ್ಗೆ?"

ನೀಲಾ ನಕ್ಕಳು. "ಯಾರ್ ಬಗ್ಗೆನೂ ಅಲ್ರಿ ಮಾವಾ. ಯಾರು ಎಲ್ಲಿ ಓಡಬೇಕು, ಯಾರು ಯಾರನ್ನ ಮರಳ ಮಾಡಬೇಕು ಅಂತ ಮಾತಾಡ್ಕೊಂತೀವ್ರಿ."

ಮರಳು ಮಾಡುವುದು! ನನ್ನ ಕೈಗೆ ಹಸಿ ತಾಗಿತು ಎಂದುಕೊಂಡೆ.

ಆ ಚಳಿಗಾಲದಲ್ಲಿ ಅವಳನ್ನು ಹೊರರಾಜ್ಯದ ಪಂದ್ಯಕ್ಕೆ ಆರಿಸಿದರು. ಗೌರವ್ವ ಪೇಢೆ ತಂದಳು. ನಾನು ಪೇಢೆ ಬಾಯಿಗೆ ಹಾಕಿಕೊಂಡು, ಯುಗಾದಿಯಾದ ಮೇಲೆ ಅಕ್ಕಿಕಾಳು ಹಾಕಿಬಿಡೋಣ ಎಂದು ಮದುವೆಯ ಮಾತು ತೆಗೆದೆ. ನೀಲಾ ಒಳಗಿನಿಂದಲೇ, "ಆಡಿ ಬಂದ ಮ್ಯಾಲೆ ಮಾತಾಡೂಣ್ರಿ ಮಾವಾ" ಎಂದಳು. ಅಷ್ಟೇ. ಬೇಡ ಎನ್ನಲಿಲ್ಲ. ಆದರೆ ಆ 'ಮಾತಾಡೂಣ' ಎನ್ನುವುದು ನನ್ನನ್ನು ಎಡೆಬಿಡದೆ ಕೊರೆಯಿತು. ತೊಟ್ಟಿಲಲ್ಲೇ ಆದ ಮಾತಿಗೆ ಇನ್ನೇನು ಮಾತು? ಈ ಹುಡುಗಿ ಕೈ ತಪ್ಪುತ್ತಾಳೆ. ಯಾರೋ ಅವಳ ಕಿವಿ ಊದಿದ್ದಾರೆ...

ಪಂಚಾಯಿತಿ ಮುಂದಿನ ಬೇವಿನ ಕಟ್ಟೆಯ ಮೇಲೆ ಸಂಜೆ ಎಲ್ಲರೂ ಕೂಡುತ್ತೇವೆ. ಅಂದು ಮಾತು ಅದೇ ಆಟದ ಮೇಲೆ ಬಂತು.

"ಫುಟ್ಬಾಲ್ ಅಂತಾರ, ಕೈಯಾಗ ಹಿಡಕೊಂಡು ಓಡ್ತಾರ. ಹೆಸರ ಸುಳ್ಳೈತಲ್ಲೋ ಅದರದು!" ಎಂದು ಚನಬಸಪ್ಪ ನಗಿಸಿದ.

"ಚೆಂಡರ ನೆಟ್ಟಗೈತೇನು? ಅಗದಿ ಬದನಿಕಾಯಿ ಇದ್ದಂಗ ಐತಿ," ಎಂದ ಪಕ್ಕದಲ್ಲಿ ಕುಳಿತವನೊಬ್ಬ.

"ಬಸಣ್ಣ, ನೀ ದಿನಾ ಗ್ವಾಡಿಗೆ ಹಲ್ಲಿ ಹತ್ತಿದಂಗ ಹತ್ತಿ ನೋಡ್ತೀಯಲ್ಲ. ಏನ್ ನಡಿತೈತೋ ಅಲ್ಲೆ?" ಎಂದು ಚನಬಸಪ್ಪ ನನ್ನನ್ನು ಕೇಳಿದ.

ಎಲ್ಲರೂ ನಕ್ಕರು. ನಾನು ನಗಲಿಲ್ಲ. ತಲೆ ತಗ್ಗಿಸಿ, ಹೇಳಲು ಮನಸ್ಸಿಲ್ಲದವನಂತೆ ಸ್ವಲ್ಪ ತಡೆದು ಹೇಳಿದೆ:

"ಏನ್ ಹೇಳ್ಲೆಪಾ... ಆ ಮಾಸ್ತರ ನಮ್ಮ ನೀಲಾನ ಸೊಂಟಕ್ಕ ಕೈ ಹಾಕಿದ್ದು ನಾನ ಕಣ್ಣಾರೆ ನೋಡೇನಿ."

ಕೈ ಹಾಕಿದ್ದು ನಿಜ — ಪಟ್ಟಿಗೆ. ಹೇಗೆ ಕೀಳಬೇಕೆಂದು ಹತ್ತು ಹುಡುಗಿಯರ ಎದುರಿಗೆ ತೋರಿಸಿಕೊಡುತ್ತಿದ್ದ. ಬೆರಳು ಮೈಗೆ ತಾಗಿರಲೂ ಇಲ್ಲ. ಆ 'ಪಟ್ಟಿ' ಎಂಬ ಶಬ್ದವನ್ನು ನಾನು ನುಂಗಿದೆ. ಯಾರೂ ಮತ್ತೇನೂ ಕೇಳಲಿಲ್ಲ. ಮಾಸ್ತರನ ಹೆಸರು ಬೇರೆಯಾಗಿದ್ದರೆ ಒಬ್ಬರಾದರೂ ಕೇಳುತ್ತಿದ್ದರೇನೋ. ಅದೂ ನನಗೆ ತಿಳಿದಿತ್ತು. ನಮ್ಮೊಂದಿಗೆ ಒಂದೇ ನೀರು ಕುಡಿದು ಬೆಳೆದ ದಾವಲಸಾಬನ ಮಗ ಎಂಬುದೂ ತಿಳಿದಿತ್ತು.

ಮಾತು ನನಗಿಂತ ಮುಂಚೆ ಗೌರವ್ವನ ಮನೆ ಮುಟ್ಟಿತು. ಯಾರು ಹೇಳಿದರು ಎಂದು ಅವಳ ಗಂಡ ಕೇಳಿದ್ದಕ್ಕೆ "ಊರೆಲ್ಲ ಅಂತಾರ" ಎಂಬ ಉತ್ತರ ಬಂತಂತೆ. ತಂಡ ಹೊರಟ ದಿನ ನೀಲಾ ಮನೆಯೊಳಗೆ, ಬಾಗಿಲಿಗೆ ಹೊರಗಿನಿಂದ ಚಿಲಕ. ರಫೀಕ್ ಮಾಸ್ತರ ಒಮ್ಮೆ ಕಟ್ಟೆಯ ಮುಂದೆ ಬಂದು ನಿಂತು, "ಯಾರ್ ನೋಡ್ಯಾರ ಮುಂದ ಬಂದು ಹೇಳ್ರಿ" ಎಂದ. ಎಲ್ಲರೂ ಸುಮ್ಮನೆ ಕುಳಿತಿದ್ದರು. ನಾನೂ ಕುಳಿತಿದ್ದೆ. ವರ್ಷ ಮುಗಿಯುವ ಮೊದಲೇ ಅವನು ಹುಬ್ಬಳ್ಳಿಗೆ ಹೋದ.

ಇಷ್ಟೇ ಆಗಿದ್ದರೂ — ಇಲ್ಲ, ಇನ್ನೂ ಇದೆ. ತಂಗಿ ಅಳುತ್ತ ಬಂದಾಗ ನಾನು, "ಯಾರ್ ಏನರ ಅನ್ಲಿ, ನಮ್ಮ ಹುಡಿಗಿನ್ನ ನಾವ ತರ್ತೀವಿ" ಎಂದೆ. ಅವಳು ನನ್ನ ಕಾಲು ಹಿಡಿದಳು. ಊರಲ್ಲಿ ನನ್ನ ದೊಡ್ಡ ಮನಸ್ಸಿನ ಮಾತಾಯಿತು. ಮದುವೆಯ ಚಪ್ಪರದಲ್ಲಿ ಗೌರವ್ವ ಮಗಳಿಗೆ, "ನಿನ್ನ ಮಾವ ದೇವರಂಥಾಂವ, ಮರೀಬ್ಯಾಡ" ಎಂದದ್ದು ನನ್ನ ಕಿವಿಯಲ್ಲಿದೆ. ನಾನು ಬೇಡವೆನ್ನಲಿಲ್ಲ.

ನೀಲಾ ನಮ್ಮ ಮನೆಗೆ ಬಂದಳು. ಅಂದಿನಿಂದ ನನಗೆ ಒಂದೇ ಸಂಶಯ — ಇವಳಿಗೆ ಗೊತ್ತಿದೆಯೋ?

ಬಂದ ಕೆಲವೇ ದಿನಕ್ಕೆ ಅಡುಗೆಮನೆಯ ಜೋಳದ ಚೀಲದ ಬಾಯಿಗೆ ಒಂದು ಕೆಂಪು ಪಟ್ಟಿ ಕಟ್ಟಿದ್ದು ಕಂಡೆ. ಅದೇ ಪಟ್ಟಿ. ನಾನು ಊಟಕ್ಕೆ ಕೂಡುವ ಜಾಗದಿಂದ ನೇರ ಕಾಣುತ್ತದೆ. ಕೈಗೆ ಸಿಕ್ಕಿತೆಂದು ಕಟ್ಟಿದಳೋ, ನಾನು ನೋಡಲೆಂದೇ ಕಟ್ಟಿದಳೋ? ಬಿಸಿ ರೊಟ್ಟಿ ಮೊದಲು ನನಗೇ ಹಾಕಿದರೆ ಯಾಕೆ ಎಂದು ಯೋಚಿಸುತ್ತಿದ್ದೆ. ಮಜ್ಜಿಗೆಗೆ ಉಪ್ಪು ಮರೆತರೆ ಇದೇನೋ ಗುರುತು ಎನ್ನುತ್ತಿದ್ದೆ. ನಕ್ಕರೂ ಸಂಶಯ, ನಗದಿದ್ದರೂ ಸಂಶಯ. ಎಷ್ಟು ಒಳಗೆ ಕೈ ಹಾಕಿದರೂ ಒಣಗಿದ್ದೇ ತಾಗುತ್ತಿತ್ತು. ನಾನು ಇನ್ನಷ್ಟು ತೂರಿಸುತ್ತಿದ್ದೆ.

ಅವಳು ಮತ್ತೆ ಓಡಲಿಲ್ಲ. ಆದರೆ ಆಟ ಅವಳನ್ನು ಬಿಟ್ಟಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ನಿಂತುಹೋದ ಡಿಗ್ರಿಯನ್ನು, ಮಗಳು ಅಕ್ಷತಾ ಹುಟ್ಟಿದ ಮೇಲೆ, ಮನೆಯಿಂದಲೇ ಪರೀಕ್ಷೆಗೆ ಕಟ್ಟಿ ಮುಗಿಸಿದಳು. "ಈಗ ಯಾಕ ಬೇ ಅದೆಲ್ಲ?" ಎಂದು ನನ್ನ ಹೆಂಡತಿ ಗೊಣಗಿದರೆ, "ಎಲ್ಲಿ ಪಟ್ಟಿ ಕಿತ್ತಾರೋ ಅಲ್ಲಿಂದನ ಮುಂದಿನ ಆಟ ಅತ್ತಿ. ಮೊದಲಿಂದ ಯಾರೂ ಶುರು ಮಾಡಂಗಿಲ್ಲ" ಎಂದಳು. ಅಕ್ಕಪಕ್ಕದ ಓಣಿಯ ನಳಕ್ಕೆ ನೀರು ಬಾರದಿದ್ದಾಗ ಹೆಂಗಸರನ್ನು ಕರೆದು ನಮ್ಮ ಅಂಗಳದಲ್ಲಿ ದುಂಡಗೆ ನಿಲ್ಲಿಸಿದಳು. ತಲೆಗೆ ತಲೆ ಹಚ್ಚಿ ಅದೇ ಪಿಸಿಪಿಸಿ. ನನ್ನ ಬಗ್ಗೆಯೇ ಇರಬೇಕು ಎಂದುಕೊಂಡೆ. ಹತ್ತು ನಿಮಿಷಕ್ಕೆ, ಪಂಚಾಯಿತಿಯ ಸಾಹೇಬರು ತಪ್ಪಿಸಿಕೊಳ್ಳದಂತೆ, ಮುಂದಿನ ಬಾಗಿಲಲ್ಲಿ ಇಬ್ಬರು, ಹಿತ್ತಲ ಬಾಗಿಲಲ್ಲಿ ಇಬ್ಬರು, ಸಾಹೇಬರ ಮೋಟರ್‌ಸೈಕಲ್ಲಿನ ಮೇಲೆಯೇ ಮುದುಕಿ ಫಕೀರವ್ವ! ಮರುದಿನ ನೀರು ಬಂತು. ಮಾತಾಡಿದ್ದು ಫಕೀರವ್ವ, ಹೆಸರು ಬಂದದ್ದೂ ಅವಳಿಗೆ. "ಎಲ್ಲಾ ಮಾಡಿದಾಕಿ ನೀನು" ಎಂದು ಮಂಜುನಾಥ ಅಂದರೆ ನೀಲಾ, "ಚೆಂಡ ಯಾರ ಕೈಯಾಗರ ಇರ್ಲಿ ಬಿಡ್ರಿ. ದಾರಿ ಬಿಡಿಸಿ ಕೊಡಾಕಿ ಒಬ್ಬಾಕಿ ಬೇಕಲ್ಲ" ಎಂದು ಹಿಟ್ಟು ನಾದಲು ಕುಳಿತಳು.

ಇಂಥವಳ ಮೇಲೆ ನಾನು ಕಣ್ಣಿಟ್ಟು ಕುಳಿತಿದ್ದೆ.

ಈ ವರ್ಷ ರಫೀಕ್ ಮಾಸ್ತರ ಮತ್ತೆ ಬಂದಿದ್ದಾನೆ. ತಲೆ ನರೆತಿದೆ. ಹುಬ್ಬಳ್ಳಿಯಲ್ಲಿ ಆಟ ಕಲಿಸುತ್ತಾನಂತೆ. ಆ ಆಟವನ್ನು ಒಲಿಂಪಿಕ್ಸಿಗೂ ಸೇರಿಸಿದ್ದಾರಂತೆ. ಭಾನುವಾರ ಭಾನುವಾರ ನಮ್ಮೂರಿನ ಹುಡುಗಿಯರಿಗೆ ಹೇಳಿಕೊಡುತ್ತೇನೆ ಎಂದ. ಅಕ್ಷತಾ ಕುಣಿದಾಡಿದಳು. ಆದರೆ ಮೊದಲ ಭಾನುವಾರ ಬಂದ ಹುಡುಗಿಯರು ಎರಡನೆಯ ಭಾನುವಾರ ಬರಲಿಲ್ಲ. ಕಟ್ಟೆಯ ಮೇಲೆ, ಮೀಸೆ ಚಿಗುರಿದ ಒಬ್ಬ ಪೋರ ನನಗೇ ಹೇಳಿದ:

"ಆ ಮಾಸ್ತರ ಛಲೋ ಇಲ್ಲಂತ್ರಿ ಮುತ್ಯಾ. ಹುಡಿಗ್ಯಾರ ಸೊಂಟಕ್ಕ ಕೈ ಹಾಕ್ತಿದ್ನಂತ. ಹಿಂದಕ ಯಾರೋ ಹಿರ್ಯಾರು ಕಣ್ಣಾರೆ ನೋಡ್ಯಾರಂತ."

ಆ ಹಿರಿಯ ಯಾರೆಂದು ಅವನಿಗೆ ಗೊತ್ತಿರಲಿಲ್ಲ. ನನ್ನ ಮಾತು ನನ್ನ ಹೆಸರು ಕಳಚಿಕೊಂಡು, ನನಗಿಂತ ಗಟ್ಟಿಯಾಗಿ ಬದುಕಿತ್ತು. ಇನ್ನೊಂದು ಭಾನುವಾರ ಮೈದಾನ ಖಾಲಿ ಉಳಿದರೆ ಮಾಸ್ತರ ಮತ್ತೆ ಬರುವುದಿಲ್ಲ. ಮೊಮ್ಮಗಳ ಸೊಂಟದ ಪಟ್ಟಿಯನ್ನೂ ನಾನೇ ಕಿತ್ತಂತಾಗುತ್ತದೆ.

ನಿನ್ನೆ ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಅಡ್ಡಾಗಿದ್ದೆ. ಅಂಗಳದಲ್ಲಿ ತಾಯಿ ಮಗಳು. ನೀಲಾ ಜೋಳದ ಚೀಲದ ಪಟ್ಟಿ ಬಿಚ್ಚಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡುತ್ತಿದ್ದಳು — ಓಡುತ್ತಿದ್ದಳು! ಅಕ್ಷತಾ ಬೆನ್ನು ಹತ್ತಿ ಪಟ್ಟಿ ಕಿತ್ತು, ಮೂಲೆಗೆ ಒಗೆದು ಕೇಕೆ ಹಾಕಿದಳು.

"ಹಂಗ ಒಗದು ಕುಣೀಬಾರ್ದವ್ವ," ಎಂದಳು ನೀಲಾ ಏದುಸಿರು ಬಿಡುತ್ತ. "ಕಿತ್ತಾಕಿ ಮೊದಲ ಕೈ ಮ್ಯಾಲೆತ್ತಿ ಎಲ್ಲಾರ್ಗೂ ತೋರಸಬೇಕು. ಆಮ್ಯಾಲೆ ಯಾರದು ಕಿತ್ತೀಯೋ ಅವರ ಕೈಯಾಗ ವಾಪಸ್ ಕೊಡಬೇಕು."

"ಕೊಡಲಿಲ್ಲಂದ್ರ?"

"ಕೊಡಲಿಲ್ಲಂದ್ರ ಅವರು ಮುಂದ ಆಡೂದು ಹೆಂಗ?"

ಹೇಳುವಾಗ ಅವಳು ನನ್ನ ಕಡೆ ನೋಡಿದಳೇ? ನೋಡಿದಂತೆ ಕಂಡಿತು. ಇಲ್ಲದಿರಬಹುದು. ನಾನು ಎದ್ದು ಕುಳಿತೆ. ಅಕ್ಷತಾಳನ್ನು ನೀರು ತರಲು ಕಳಿಸಿ, ನೀಲಾಳನ್ನು ಕರೆದೆ.

ಹೇಳಿದೆ. ಕಟ್ಟೆ, ಮಾತು, ನುಂಗಿದ ಶಬ್ದ, ಚಪ್ಪರದಲ್ಲಿ ಅವಳ ತಾಯಿ ಆಡಿದ್ದು — ಎಲ್ಲ. ಅವಳು ಕಂಬ ಹಿಡಿದು ನಿಂತಿದ್ದಳು. ಅಳಲಿಲ್ಲ. ಅಚ್ಚರಿಯನ್ನೂ ತೋರಲಿಲ್ಲ. ಮೊದಲೇ ಗೊತ್ತಿತ್ತೋ, ಈಗ ಗೊತ್ತಾಯಿತೋ — ನನ್ನ ಹಳೆಯ ಕೈ ಮತ್ತೆ ಒಳಗೆ ತೂರಲು ಎದ್ದಿತು. ನಾನೇ ಅದನ್ನು ಹಿಡಿದುಕೊಂಡೆ. ತಿಳಿಯುವ ಹಕ್ಕು ನನಗಿಲ್ಲ.

ಅವಳು ಅಂದದ್ದು ಇಷ್ಟು:

"ಇಲ್ಲಿ ನನ್ನ ಮುಂದ ಹೇಳಿದ್ರ ಏನಾತ್ರಿ ಮಾವಾ? ಅವತ್ತ ಹೇಳಿದ್ದು ಕಟ್ಟಿ ಮ್ಯಾಲ ಅಲ್ಲೇನ್ರಿ?"

ನಾನು ಕ್ಷಮೆ ಕೇಳಲು ಬಾಯಿ ತೆರೆದಿದ್ದೆ. ಮುಚ್ಚಿದೆ.

ನಾಳೆ ಭಾನುವಾರ. ಬೆಳಗ್ಗೆ ಮಾಸ್ತರ ಬಸ್ಸಿಳಿದು ಕಟ್ಟೆಯ ಮುಂದಿನಿಂದಲೇ ಮೈದಾನಕ್ಕೆ ಹೋಗಬೇಕು. ಆ ಹೊತ್ತಿಗೆ ನಾನು ಅಲ್ಲಿ ಕುಳಿತಿರುವುದಿಲ್ಲ, ನಿಂತಿರುತ್ತೇನೆ. ನುಂಗಿದ ಶಬ್ದವನ್ನು ಅವನ ಎದುರಿಗೆ, ಊರವರ ಎದುರಿಗೆ ಹೇಳುತ್ತೇನೆ. ಬಾಯಿ ತೊದಲಿದರೆ ಓದಿಯಾದರೂ ಹೇಳಬೇಕೆಂದು ಇದನ್ನು ಬರೆದಿದ್ದೇನೆ. ಉಗುಳುವವರು ಉಗುಳಲಿ. ನೀಲಾ ಓಡಬೇಕಿದ್ದ ವರ್ಷಗಳನ್ನು ಮಾತ್ರ ಅವಳ ಕೈಗೆ ಹೇಗೆ ವಾಪಸು ಕೊಡಲಿ... ಅದು ನನಗೆ ತಿಳಿಯುವುದಿಲ್ಲ.

ಈ ಸಂಜೆ ಊಟಕ್ಕೆ ಕುಳಿತಾಗ ಎಂದಿನಂತೆ ಜೋಳದ ಚೀಲದ ಕಡೆ ನೋಡಿದೆ. ಅದರ ಬಾಯಿಗೆ ಸುತಳಿ ಕಟ್ಟಿತ್ತು. ಕೆಂಪು ಪಟ್ಟಿಯನ್ನು ಮಡಿಚಿ ನನ್ನ ತಾಟಿನ ಪಕ್ಕಕ್ಕೆ ಇಟ್ಟಿದ್ದಳು.