ಮಫಿನ್ನಿಗೆ ಹನ್ನೆರಡು ಸುತ್ತು

ಹಿಟ್ಟಪ್ಪ ಎಂಬುದು ಅವನ ಹೆಸರಲ್ಲ. ಇಪ್ಪತ್ತೊಂಬತ್ತು ವರ್ಷ ಒಂದೇ ಬೇಕರಿಯಲ್ಲಿ ಹಿಟ್ಟು ಕಲೆಸಿ, ಕಣ್ಣಿನ ರೆಪ್ಪೆಯ ಮೇಲೂ ಹಿಟ್ಟು ಕೂರಿಸಿಕೊಂಡವನಿಗೆ ಜನ ಇಟ್ಟ ಹೆಸರು. ಸ್ವಂತ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಅವನನ್ನು ಹೆಚ್ಚು ದಣಿಸಿದ್ದು ಒಲೆಯ ಕಾವಲ್ಲ, ಗಿರಾಕಿಗಳ ಒಂದೇ ಒಂದು ಪ್ರಶ್ನೆ: "ಕಪ್‌ಕೇಕಿಗೂ ಮಫಿನ್ನಿಗೂ ಏನ್ರೀ ವ್ಯತ್ಯಾಸ?"

ಎರಡೂ ಅಂಗೈಯಲ್ಲಿ ಹಿಡಿಸುವಷ್ಟೇ, ಎರಡೂ ಕಾಗದದ ಬಟ್ಟಲಲ್ಲಿ ಬೇಯುವಂಥವು. ನೋಡಿದವರಿಗೆ ಅಣ್ಣ ತಮ್ಮ. ಅವನ ಪ್ರಕಾರ ದೂರದ ನೆಂಟಸ್ತನವೂ ಇಲ್ಲ. ಕಪ್‌ಕೇಕಿಗೆ ಬೆಣ್ಣೆ ಸಕ್ಕರೆಯನ್ನು ಬೆಳ್ಳಗಾಗುವವರೆಗೆ ತಿಕ್ಕಬೇಕು, ಮೊಟ್ಟೆ ಒಂದೊಂದಾಗಿ ಸೇರಿಸಬೇಕು, ಮುಕ್ಕಾಲು ಗಂಟೆ ತೋಳು ನಿಲ್ಲುವಂತಿಲ್ಲ. ಮಫಿನ್ನು ಇದಕ್ಕೆ ಉಲ್ಟಾ. ಎಣ್ಣೆ, ಹಾಲು, ಮೊಟ್ಟೆಯನ್ನು ಹಿಟ್ಟಿಗೆ ಸುರಿದು ಸೌಟಿನಲ್ಲಿ ಹನ್ನೆರಡು ಸುತ್ತು ತಿರುಗಿಸಿ ಕೈ ತೆಗೆಯಬೇಕು. ಗಂಟುಗಳಿದ್ದರೆ ಇರಲಿ. ಹೆಚ್ಚು ತಿರುಗಿಸಿದರೆ ಅದು ಹಟಕ್ಕೆ ಬಿದ್ದು ರಬ್ಬರಾಗುತ್ತದೆ. ಮೂಲೆಯಲ್ಲಿ ಕಲೆಸುವ ಯಂತ್ರವೂ ಒಂದಿತ್ತು. ಅದರಲ್ಲಿ ಬೆಣ್ಣೆ ಬಿಸಿಯಾಗುತ್ತದೆ ಎಂದು ಮೂಗು ಮುರಿದು, ಅದರ ಮೇಲೆ ತನ್ನ ಅಂಗಿ ನೇತುಹಾಕುತ್ತಿದ್ದ.

ಕೈಯಲ್ಲೇ ತಿಕ್ಕುವ ಆ ಹಟಕ್ಕೆ ಬಲಿಯಾದದ್ದು ಅವನ ಬಲಭುಜ. ಈಗೀಗ ಅಂಗಿಯ ತೋಳನ್ನು ಹೆಂಡತಿ ಏರಿಸಿಕೊಡಬೇಕು, ತಲೆಯನ್ನು ಹೆಂಡತಿ ಬಾಚಬೇಕು, ಸಂಜೆ ಬಿಸಿನೀರಿನ ಬಟ್ಟೆ ಒತ್ತಬೇಕು. ಇನ್ನೊಂದು ವರ್ಷ ಹೀಗೇ ತಿಕ್ಕಿದರೆ ಈ ಕೈ ತುತ್ತು ಎತ್ತುವುದಕ್ಕೂ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವನು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡ, ಅಷ್ಟೆ. "ಯಂತ್ರಕ್ಕೆ ಹಾಕ್ರೀ" ಎಂದು ಹೇಳಿ ಹೇಳಿ ಹೆಂಡತಿಯ ಬಾಯಿ ಸೋತಿತ್ತು.

ಹಳೆಯ ಯಜಮಾನರು ವಯಸ್ಸಾಗಿ ಅಂಗಡಿಯನ್ನು ಅಳಿಯನಿಗೆ ಒಪ್ಪಿಸಿದರು. ಅಳಿಯ ಒಳ್ಳೆಯವನೇ, ಸ್ವಲ್ಪ ಅವಸರದವನು. ಒಂದು ಬೆಳಿಗ್ಗೆ ಹೇಳಿಯೇಬಿಟ್ಟ: "ಇನ್ಮೇಲೆ ಎರಡಕ್ಕೂ ಮಫಿನ್ ಹಿಟ್ಟೇ ಸಾಕು. ಕ್ರೀಮ್ ಹಾಕಿದ್ರೆ ಕಪ್‌ಕೇಕು, ಹಾಕದಿದ್ರೆ ಮಫಿನ್ನು. ಯಾರಿಗೆ ಗೊತ್ತಾಗುತ್ತೆ?"

"ಗೊತ್ತಾಗೋರಿಗೆ ಗೊತ್ತಾಗುತ್ತೆ."

"ಬೇಕರಿಯವರನ್ನ ಬಿಟ್ಟು ಅಂಥವರು ಒಬ್ಬರನ್ನ ತೋರಿಸಿ. ಕಣ್ಣು ಕಟ್ಟಿಕೊಂಡು ತಿಂದು ಹೇಳಲಿ. ಆಮೇಲೆ ನಾನು ಈ ಮಾತೇ ಎತ್ತಲ್ಲ."

ಹಿಟ್ಟಪ್ಪನಿಗೆ ಒಳಗೊಳಗೇ ನಗು. ಮುರಿದದ್ದು, ಸೊಟ್ಟಗಾದದ್ದನ್ನು ಪೊಟ್ಟಣ ಕಟ್ಟಿ ಮನೆಗೆ ಒಯ್ಯುವುದು ಅವನ ರೂಢಿ. ಕಾಗದ ಬಿಡಿಸಿ ಒಂದು ತುಂಡು ಹೆಂಡತಿಯ ಬಾಯಿಗಿಟ್ಟು, "ಯಾವುದು ಹೇಳು ನೋಡೋಣ" ಎನ್ನುವನು. ಮದುವೆಯಾದಂದಿನಿಂದ ಒಮ್ಮೆಯೂ ತಪ್ಪಿದವಳಲ್ಲ.

ಮರುದಿನ ಎರಡನ್ನೂ ಅವನೇ ಕಲೆಸಿ ಬೇಯಿಸಿದ. ಅಳಿಯ ಬೆನ್ನ ಹಿಂದೆಯೇ ನಿಂತು ನೋಡಿದ. ಮಧ್ಯಾಹ್ನ, ಅವನು ಕರೆದಿದ್ದಂತೆ, ಹೆಂಡತಿ ಇದ್ದುದರಲ್ಲೇ ಒಳ್ಳೆಯ ಚಪ್ಪಲಿ ಮೆಟ್ಟಿ ಬಂದಳು. ಅಳಿಯ ಸ್ಟೂಲು ಹಾಕಿ, ಒಗೆದ ಕರವಸ್ತ್ರ ಕೊಟ್ಟು, "ಕಟ್ಟಿಕೊಳ್ಳಿ ಅಮ್ಮಾ" ಎಂದ. ಮೊದಲ ತುಂಡು ತಿಂದಳು. ನೀರು ಕುಡಿದಳು. ಎರಡನೆಯದನ್ನು ನಿಧಾನವಾಗಿ ಅಗಿದಳು. ಹಿಟ್ಟಪ್ಪ ಅವಳ ದವಡೆಯನ್ನೇ ನೋಡುತ್ತಿದ್ದ.

"ಗೊತ್ತಾಗ್ತಿಲ್ಲಪ್ಪ," ಎಂದಳು. "ಎರಡೂ ಒಂದೇ ಥರ ಇದೆ."

ಅಳಿಯ ನಗಲಿಲ್ಲ, ಅದು ಅವನ ದೊಡ್ಡತನ. "ನಾಳೆಯಿಂದ ಎರಡಕ್ಕೂ ಮಫಿನ್ ಹಿಟ್ಟು, ತಿಕ್ಕೋದು ಬೇಡ" ಎಂದಷ್ಟೇ ಹೇಳಿದ. ಹಿಟ್ಟಪ್ಪ ಯಂತ್ರದ ಮೇಲಿಂದ ಅಂಗಿ ತೆಗೆದುಕೊಂಡ. ತಾನೇ ತೊಟ್ಟುಕೊಳ್ಳಲು ನೋಡಿ, ಆಗದೆ, ಅವಳ ಮುಂದೆ ತೋಳು ಚಾಚಿ ನಿಂತ.

ಇಬ್ಬರೂ ಮನೆಗೆ ನಡೆದರು. ಇಷ್ಟು ವರ್ಷ ತಾನು ತಿಕ್ಕಿದ್ದೆಲ್ಲ ತನ್ನದೊಬ್ಬನದೇ ಭ್ರಮೆಯಾಗಿತ್ತೇ ಎಂದು ಅವನಿಗೆ ಅನ್ನಿಸಿತು. ಅವನಿಗೆ ಹಿಂದೆಂದೂ ಇಷ್ಟು ಸುಸ್ತಾಗಿರಲಿಲ್ಲ. ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತುಬಿಟ್ಟ.

ಅವಳು ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಭುಜಕ್ಕೆ ಒತ್ತಿದಳು. ಬೆನ್ನ ಹಿಂದಿನಿಂದಲೇ ಕೇಳಿದಳು:

"ಇವತ್ತು ಮಫಿನ್ನಿಗೆ ಎಷ್ಟು ಸುತ್ತು ತಿರುಗಿಸಿದ್ರಿ?"

"ಹನ್ನೆರಡು. ಇನ್ನೆಷ್ಟು?"

"ಜಾಸ್ತಿ ಆಗಿದೆ. ಆ ಮೊದಲನೇ ತುಂಡು ಹಲ್ಲಿಗೆ ಎಳೀತಿತ್ತು."

ಮೊದಲನೆಯದು ಮಫಿನ್ನೇ. ಬೆನ್ನ ಹಿಂದೆ ಅಳಿಯ ನಿಂತಿದ್ದರಿಂದ ಅವನಿಗೆ ಎಣಿಕೆ ತಪ್ಪಿತ್ತು. ಹದಿನಾಲ್ಕೋ ಹದಿನೈದೋ ಆಗಿಹೋಗಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ತ್ರಾಣ ಬೇಕಲ್ಲ. "ಮತ್ತೆ ಅಲ್ಲಿ ಯಾಕೆ ಹಾಗೆ ಹೇಳ್ದೆ?" ಎಂದ.

ಅವಳು ಬಟ್ಟೆಯನ್ನು ಮತ್ತೆ ಅದ್ದಿ ಹಿಂಡಿದಳು. "ಕೈ ಸ್ವಲ್ಪ ಎತ್ತಿ," ಎಂದಳು.

ಅವನು ಎತ್ತಲು ನೋಡಿದ. ತೋಳು ಎದೆಯ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲಕ್ಕೆ ಅವಳೇ ಎತ್ತಿ ಹಿಡಿದಳು.