ಅಂಟು ಬಿಟ್ಟ ಹಲಸಿನ ಬೋಗುಣಿ

ಬೋಗುಣಿ ಒಡೆದಾಗ ನಾನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಮೊದಲು ಟಿಕ್ ಟಿಕ್ ಎಂಬ ಸಣ್ಣ ಶಬ್ದ ಬಂತು, ಕಡೆಯಲೆಂದು ಲೇತಿನಲ್ಲಿ ತಿರುಗುತ್ತಿದ್ದ ಮರದ ಒಳಗಿಂದಲೇ. ನಿಲ್ಲಿಸಿ ಎಂದು ಭಾವನನ್ನು ಕೂಗಿದೆ. ಅವರು ತಿರುಗಲಿಲ್ಲ. ಇನ್ನೊಮ್ಮೆ ಕೂಗಲು ಬಾಯಿ ತೆರೆಯುವಷ್ಟರಲ್ಲಿ ಬೋಗುಣಿ ಚೂರುಚೂರಾಗಿ ಹಾರಿತು. ಒಂದು ತುಂಡು ಮಾಡಿನ ಹಂಚು ಒಡೆದು ಹೊರಗೆ ಹೋಯಿತು. ಇನ್ನೊಂದು ಭಾವನ ಮುಖದ ಮುಂದಿದ್ದ ಪ್ಲಾಸ್ಟಿಕ್ ಗುರಾಣಿಗೆ ಬಡಿದು, ಸರಿಯಾಗಿ ಕಣ್ಣಿನ ಎತ್ತರದಲ್ಲಿ ಬಿರುಕು ಬಿಡಿಸಿತು.

ಯಾರಿಗೂ ಗಾಯವಾಗಲಿಲ್ಲ. ಪತ್ರಿಕೆಯಲ್ಲಿ ಅಪಘಾತದ ಸುದ್ದಿಗಳನ್ನು ತಿದ್ದುವುದು ಬಹುಕಾಲ ನನ್ನ ಕೆಲಸವಾಗಿತ್ತು. ಸದ್ದು ಅಡಗಿದ ಮೇಲೆ ಮನುಷ್ಯರು ಮೊದಲು ಏನು ಮಾಡುತ್ತಾರೆ ಎಂಬುದನ್ನು ಯಾವ ವರದಿಗಾರನೂ ಬರೆದು ಕಳಿಸಿದ್ದು ನೆನಪಿಲ್ಲ. ಅಡುಗೆಮನೆಯಿಂದ ಓಡಿಬಂದ ಅಕ್ಕ ಕೈಯಲ್ಲಿದ್ದ ಸೌಟನ್ನು ಕೆಳಗಿಡುವುದನ್ನೇ ಮರೆತು ನಿಂತಿದ್ದಳು. ಭಾವ ಮೋಟರು ಆರಿಸಿ ತಮ್ಮ ಬಲಗೈಯನ್ನು ನೋಡಿಕೊಳ್ಳುತ್ತಿದ್ದರು.

ಅವರು ಕೈ ನೋಡಿಕೊಂಡದ್ದಕ್ಕೆ ಕಾರಣವಿತ್ತು. ಗಲ್ಫಿನ ಪೀಠೋಪಕರಣ ಕಾರ್ಖಾನೆಯಲ್ಲಿ ದುಡಿದು ಬಂದ ಭಾವ ವೇಣೂರಿನ ಮನೆಯ ಹಿಂದೆ ಶೆಡ್ಡು ಕಟ್ಟಿ ಲೇತು ಇಟ್ಟುಕೊಂಡಿದ್ದರು. ಕಳೆದ ವರ್ಷದಿಂದ ಅವರ ಬಲಗೈ ನಡುಗತೊಡಗಿತು. ಚಹಾದ ಲೋಟ ತುಳುಕುತ್ತಿತ್ತು. ಉಳಿ ಹಿಡಿದರೆ ಕೈಯ ನಡುಕ ನಿಲ್ಲುತ್ತದೆ ಎಂದು ಅವರ ವಾದ. ಅಕ್ಕ ಒಪ್ಪಲಿಲ್ಲ. ಆ ಗಿರಗಿಟ್ಲೆಯನ್ನು ಮಾರಿ ಎಂದು ದಿನಾ ಚುಚ್ಚುತ್ತಿದ್ದಳು. ಕೊನೆಗೆ ಒಂದು ಒಪ್ಪಂದವಾಯಿತು. ಈ ಬೋಗುಣಿ ಸರಿಯಾಗಿ ಬಂದರೆ ಲೇತು ಉಳಿಯುವುದು. ಇಲ್ಲದಿದ್ದರೆ ಬಂಟ್ವಾಳದ ಮರಗೆಲಸದವರು ಭಾನುವಾರ ಬಂದು ಒಯ್ಯುವುದು. ಇದನ್ನು ನೋಡಲೆಂದೇ ನಾನು ಮೂಡುಬಿದಿರೆಯಿಂದ ಬಸ್ಸು ಹತ್ತಿ ಬಂದಿದ್ದೆ.

ಬೋಗುಣಿ ಒಂದೇ ಮರದ್ದಲ್ಲ. ಹಲಸಿನ ಸಣ್ಣ ಸಣ್ಣ ತುಂಡುಗಳನ್ನು ಓರೆಯಾಗಿ ಕೊಯ್ದು, ಬಳೆಯ ಹಾಗೆ ಸುತ್ತ ಅಂಟಿಸಿ, ಬಳೆಯ ಮೇಲೆ ಬಳೆ ಕೂರಿಸಿ ಮಾಡಿದ್ದು. ನಡುವೆ ಕಪ್ಪಾಗಿ ಕಾಣಲೆಂದು ಬೀಟೆಯ ಒಂದು ಬಳೆ. ತುಂಡುಗಳನ್ನು ಅಂಟಿಲ್ಲದೆ ಸೇರಿಸಿ ಬೆಳಕಿಗೆ ಹಿಡಿದಾಗ ಸಂದಿನಲ್ಲಿ ಬೆಳಕು ನುಸುಳಿದರೆ ಭಾವ ಮತ್ತೆ ಉಜ್ಜುತ್ತಿದ್ದರು. ಅಂಟು ಹಚ್ಚಿದ ಮೇಲೆ ಎರಡು ಮುಖಗಳನ್ನು ಒಂದರ ಮೇಲೊಂದು ತಿಕ್ಕಿ, ಅವು ಹಿಡಿದುಕೊಂಡ ಹಾಗೆ ಅನ್ನಿಸಿದಾಗ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟುತ್ತಿದ್ದರು. ಬೀಟೆಯಲ್ಲಿ ತನ್ನದೇ ಎಣ್ಣೆ ಇರುತ್ತದೆಂದು ಅಂಟಿಸುವ ಮೊದಲು ಅದನ್ನು ಮಾತ್ರ ತಿನ್ನರಿನಿಂದ ಒರೆಸಿದ್ದರು. ಎಲ್ಲ ಆದಾಗ ಬೆಸುಗೆಯ ಗೆರೆಗಳು ಕೂದಲಿನಷ್ಟು ತೆಳುವಾಗಿದ್ದವು.

ಅಕ್ಕನೇ ಮೊದಲು ಮಾತಾಡಿದಳು. "ಬಂಟ್ವಾಳದವರಿಗೆ ಫೋನ್ ಮಾಡ್ತೇನೆ. ಭಾನುವಾರ ಯಾಕೆ, ನಾಳೆಯೇ ಬರ್ಲಿ."

ಭಾವ ಮುಖದ ಗುರಾಣಿ ಕಳಚಿ ಮುಂದಿಟ್ಟರು. ಸ್ಟೂಲಿನ ಮೇಲೆ ಕೂತು, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು.

ನಾನು ಚೂರುಗಳನ್ನು ಹೆಕ್ಕಿ ಬೆಂಚಿನ ಮೇಲೆ ಜೋಡಿಸಿದೆ. ಕೈ ತಪ್ಪಿ ಉಳಿ ಸಿಕ್ಕಿಕೊಂಡಿದ್ದರೆ ಮರದಲ್ಲಿ ಆಳವಾದ ಗಾಯ ಇರಬೇಕಿತ್ತು. ಇರಲಿಲ್ಲ. ಬೀಟೆಯ ಬಳೆಯ ಹೆಚ್ಚಿನ ಬೆಸುಗೆಗಳು ಹಾಗೆಯೇ ಹಿಡಿದುಕೊಂಡಿದ್ದವು. ಬಿಟ್ಟದ್ದು ಹಲಸು ಹಲಸನ್ನು ಸೇರಿದ್ದ ಕಡೆ. ಒಳ್ಳೆಯ ಬೆಸುಗೆಯನ್ನು ಮುರಿದರೆ ಮರವೇ ಹರಿದು, ನಾರು ಎರಡೂ ಕಡೆ ಉಳಿಯುತ್ತದೆ. ಇಲ್ಲಿ ಅಂಟು ಹಾಲಿನ ಕೆನೆಯ ಹಾಗೆ ಒಂದೇ ಕಡೆಯಿಂದ ನುಣ್ಣಗೆ ಎದ್ದು ಬಂದಿತ್ತು. ಓರೆಯಾಗಿ ಬೆಳಕಿಗೆ ಹಿಡಿದಾಗ ಮರದ ಮೇಲೆ ಬೆರಳಿನ ಅಗಲದ ಮಿರುಗು ಕಂಡಿತು. ಮೂಗಿನ ಹತ್ತಿರ ತಂದೆ. ತೆಂಗಿನೆಣ್ಣೆ.

ಅಂಟಿಸುವ ಮೊದಲು ಇದನ್ನು ಯಾರು ಮುಟ್ಟಿದ್ದರು ಎಂದು ಕೇಳಿದೆ. ಗೊತ್ತಿಲ್ಲವೆಂದು ಭಾವ ತಲೆಯಲ್ಲಾಡಿಸಿದರು. ಅಕ್ಕ ಸೌಟನ್ನು ಬೆಂಚಿನ ಮೇಲಿಟ್ಟಳು.

"ನಾನು" ಎಂದಳು. "ಶೆಡ್ಡಿಗೆ ಮಳೆ ಇರಚಲು ಹೊಡೀತಿತ್ತಲ್ಲ. ಒಂದೊಂದೇ ತುಂಡು ಒರೆಸಿ ಮನೆಯೊಳಗೆ ಅದೇ ಸಾಲಿನಲ್ಲಿ ಜೋಡಿಸಿ ಇಟ್ಟೆ. ಇವರ ಕೈಯಿಂದ ಬೀಳ್ತದೆ ಅಂತ."

ಅದು ಹಲಸಿನ ಹಪ್ಪಳ ಮಾಡುವ ವಾರ. ಹಲಸಿನ ಕಾಯಿ ಬಿಡಿಸುವಾಗ ಮೇಣ ಹಿಡಿಯದ ಹಾಗೆ ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳುವುದು ನಮ್ಮ ಕಡೆಯ ಪ್ರತಿ ಮನೆಯ ರೂಢಿ. ಆಮೇಲೆ ಸೆರಗಿಗೋ ಬೈರಾಸಿಗೋ ಕೈ ಒರೆಸಿಕೊಂಡರೆ ಕೈ ಶುದ್ಧವಾಯಿತು ಎಂದೇ ಎಲ್ಲರ ಲೆಕ್ಕ. ಅಂಟಬಾರದೆಂದು ಹಚ್ಚಿಕೊಂಡ ಎಣ್ಣೆ ಅಂಟಬೇಕಾದಲ್ಲಿಗೂ ಹೋಗಿತ್ತು. ಅಕ್ಕ ಭಾವನ ಮುಂದಿದ್ದ ಗುರಾಣಿಯನ್ನು ಎತ್ತಿ ಬಿರುಕಿನ ಮೇಲೆ ಬೆರಳಾಡಿಸಿದಳು. ಲೇತು ಹೋಗಲಿ ಎಂದು ಹಟ ಹಿಡಿದವಳೇ ಬೋಗುಣಿ ಸರಿಯಾಗಿ ಬರಲೆಂದು ಆ ತುಂಡುಗಳನ್ನೆಲ್ಲ ಒಳಗೆ ಎತ್ತಿಟ್ಟಿದ್ದಳು.

ಭಾವನ ಕೈಯ ತಪ್ಪಲ್ಲ ಎಂದು ತೀರ್ಮಾನವಾಯಿತು, ಇನ್ನು ಲೇತು ಉಳಿಯುತ್ತದೆ ಎಂದುಕೊಂಡೆ. ಆ ನೆಮ್ಮದಿಯಲ್ಲೇ, ಟಿಕ್ ಟಿಕ್ ಕೇಳಿದ ಕೂಡಲೇ ಮೋಟರು ಆರಿಸಬಹುದಿತ್ತಲ್ಲ ಎಂದು ಭಾವನನ್ನು ಕೇಳಿದೆ. ಬೆಸುಗೆ ಬಿಡುವ ಮೊದಲು ಮರ ಹಾಗೆ ಎಚ್ಚರಿಸುತ್ತದೆ ಎಂದು ನನಗೆ ಹೇಳಿಕೊಟ್ಟವರೇ ಅವರು.

"ಯಾವ ಟಿಕ್ ಟಿಕ್?" ಎಂದರು ಭಾವ.

ಅಕ್ಕ ನನ್ನನ್ನು ನೋಡಿದಳು. ಬಾಗಿಲಲ್ಲಿ ನಿಂತು ನಾನು ಕೂಗಿದ್ದು ಅಡುಗೆಮನೆಗೂ ಕೇಳಿತ್ತು. ಅದಕ್ಕೇ ಅವಳು ಸೌಟು ಹಿಡಿದು ಓಡಿಬಂದದ್ದು. ಒಡೆದ ಸದ್ದಿಗಿಂತ ಈ ಪ್ರಶ್ನೆಗೆ ನಾನು ಹೆಚ್ಚು ಬೆಚ್ಚಿದೆ. ವರ್ಷವಿಡೀ ನಾವೆಲ್ಲ ಅವರ ಕೈಯನ್ನೇ ನೋಡುತ್ತಿದ್ದೆವು. ಹೋಗಿದ್ದದ್ದು ಕಿವಿ.

ಮರುದಿನ ಮೂಡುಬಿದಿರೆಯ ಕಿವಿ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಕಾರ್ಖಾನೆಯ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದುದರಿಂದ ಸಣ್ಣ, ಚೂಪಾದ ಶಬ್ದಗಳು ಇವರಿಗೆ ಕೇಳಿಸುವುದಿಲ್ಲ ಎಂದರು. ಮನೆಗೆ ಬಂದ ಮೇಲೆ ವಾದವೇ ತಿರುವುಮುರುವಾಯಿತು. ಕಿವಿಗೆ ಮಿಷನ್ ಹಾಕಿಸುವ, ಲೇತು ಇರಲಿ ಎಂದು ಅಕ್ಕನ ಪಟ್ಟು.

"ಲೇತಿನ ಬೆಲ್ಟಿನ ಗಲಾಟೆಯಲ್ಲಿ ಮಿಷನ್ ಬೆಲ್ಟನ್ನೇ ಕೇಳಿಸ್ತದೆ ಮಾರಾಯ್ತಿ" ಎಂದರು ಭಾವ. "ನನಗೆ ಕೇಳದ್ದು ಇನ್ನೊಮ್ಮೆ ನಿನ್ನ ತಮ್ಮನ ಹಣೆಗೆ ಬಡಿದ್ರೆ? ಲೇತು ಕೊಟ್ಟೇ ಬಿಡುವ."

ಭಾನುವಾರ ಪಿಕಪ್ ಬಂದು ಲೇತು ಬಂಟ್ವಾಳಕ್ಕೆ ಹೋಯಿತು. ಬಳೆಗಳನ್ನು ಅಂಟಿಸುವ ಕೆಲಸ ತಮಗೇ ಬಿಡಬೇಕೆಂದು ಭಾವ ಕೇಳಿಕೊಂಡರು. ಬಂಟ್ವಾಳದವರು ಒಪ್ಪಿದರು. ಈಗ ಭಾವ ಇಲ್ಲಿ ಬೆಸೆದ ಬಳೆಗಳು ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಬೋಗುಣಿಯಾಗುತ್ತವೆ. ಶೆಡ್ಡಿನ ಬಾಗಿಲಲ್ಲಿ ಅಕ್ಕ ಸಾಬೂನು ಇಟ್ಟಿದ್ದಾಳೆ. ಕೈ ತೊಳೆಯದೆ ನನ್ನನ್ನೂ ಒಳಗೆ ಬಿಡುವುದಿಲ್ಲ.

ಮೊನ್ನೆ ಹೋದಾಗ ಭಾವ ಪರೀಕ್ಷೆಗೆಂದು ಬೆಸೆದಿಟ್ಟಿದ್ದ ಎರಡು ತುಂಡುಗಳನ್ನು ಸುತ್ತಿಗೆಯಿಂದ ಹೊಡೆದರು. ಬೆಸುಗೆ ನಿಂತಿತು. ಅದರ ಪಕ್ಕದಲ್ಲಿ ಹಲಸು ಹರಿದು, ಹಳದಿ ನಾರು ಎದ್ದಿತ್ತು. ಅವರು ಅದನ್ನು ಬೆರಳಿನಿಂದ ಸವರಿ ನನ್ನತ್ತ ತಿರುಗಿದರು.

"ಶಬ್ದ ಹೇಗೆ ಬಂತು?"

ಒಣ ಕೊಂಬೆ ಮುರಿದ ಹಾಗೆ ಬಂತು ಎಂದೆ.